ಬೆಕ್ಕನ್ನು ಮರದಿಂದ ಇಳಿಸುವ ಸೂಪರ್‌ಮ್ಯಾನ್

ಕಳೆದ ವಾರ ಅಣ್ಣನ ಮಗನ ಜೊತೆ ಕೂತು 1978ರ 'ಸೂಪರ್‌ಮ್ಯಾನ್' ನೋಡಿದೆ. ಮರ ಹತ್ತಿ ಕೂತ ಬೆಕ್ಕನ್ನು ಇಳಿಸಿ ಪುಟ್ಟ ಹುಡುಗಿಯ ಕೈಗೆ ಕೊಡುವ ದೃಶ್ಯ ಬಂತು. "ಇಷ್ಟೊಂದು ಒಳ್ಳೆಯವನಾ? ಬೋರು ಚಿಕ್ಕಪ್ಪ" ಅಂದ. ಆ ಮಾತು ಇನ್ನೂ ತಲೆಯಲ್ಲೇ ಇದೆ.

ಆ ಒಳ್ಳೆಯತನ ಏನೂ ಗೊತ್ತಿಲ್ಲದವರು ಸುಮ್ನೆ ತುರುಕಿದ್ದಲ್ಲ. ಆಗಿನ ಅಮೆರಿಕ ನೆನಪಿಸಿಕೊಳ್ಳಿ. ವಾಟರ್‌ಗೇಟ್ ಹಗರಣದಿಂದ 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು. ಮರುವರ್ಷ ವಿಯೆಟ್ನಾಂ ಯುದ್ಧ ಸೋಲಿನಲ್ಲಿ ಮುಗಿಯಿತು. ಅದೇ ವರ್ಷ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಹೋಗಿತ್ತು. 1977ರ ಜುಲೈನಲ್ಲಿ ಅಲ್ಲಿ ಕರೆಂಟ್ ಹೋಗಿ, ಕತ್ತಲಲ್ಲಿ ಅಂಗಡಿಗಳ ಲೂಟಿಯಾಯಿತು. ಸಿನಿಮಾದ ಕಾಲ್ಪನಿಕ ನಗರ ಮೆಟ್ರೊಪೊಲಿಸ್ ಅಂದರೆ ಅದೇ ನ್ಯೂಯಾರ್ಕ್. ಸೂಪರ್‌ಮ್ಯಾನ್ ತನ್ನ ಗುರುತು ಮುಚ್ಚಿಟ್ಟು, ಕನ್ನಡಕದ ಸಾದಾ ವರದಿಗಾರ ಕ್ಲಾರ್ಕ್ ಆಗಿ ಕೆಲಸ ಮಾಡುವ ಪತ್ರಿಕೆ ಕಚೇರಿಯಾಗಿ ಕಾಣುವುದು ಅಲ್ಲಿನ ಡೈಲಿ ನ್ಯೂಸ್ ಕಟ್ಟಡ.

ಅದೇ ಪತ್ರಿಕೆಯ ವರದಿಗಾರ್ತಿ ಲೋಯಿಸ್ ಲೇನ್ ತನ್ನ ಮನೆಯ ಟೆರೇಸ್ ಮೇಲೆ ಸೂಪರ್‌ಮ್ಯಾನ್‌ನ ಸಂದರ್ಶನ ಮಾಡುತ್ತಾಳೆ. ಸತ್ಯ, ನ್ಯಾಯ, ಅಮೆರಿಕದ ದಾರಿಗಾಗಿ ಹೋರಾಡಲು ಬಂದಿದ್ದೇನೆ ಅನ್ನುತ್ತಾನೆ. ಅವಳಿಗೆ ನಗು. ಹಾಗಾದರೆ ಈ ದೇಶದಲ್ಲಿ ಗೆದ್ದು ಕೂತ ರಾಜಕಾರಣಿಗಳೆಲ್ಲರ ಜೊತೆ ನೀನು ಗುದ್ದಾಡಬೇಕಾಗುತ್ತದೆ ಅನ್ನುತ್ತಾಳೆ. ನಾವು ಇವತ್ತು ನಗುವ ಮುಂಚೆ ಅವಳೇ ನಕ್ಕಾಗಿದೆ, ಅಲ್ವಾ? ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಸುಳ್ಳು ಹೇಳುವುದಿಲ್ಲ ಅಂತಾನೆ, ಅಷ್ಟೇ. ಆ ಮಾತನ್ನು ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್ ಮುಖದಲ್ಲಿ ಒಂದಿಷ್ಟೂ ತಮಾಷೆ ಇಲ್ಲದೆ ಹೇಳಿದ್ದಾರೆ. ಮೊದಲು ಬರೆದ ಚಿತ್ರಕಥೆಯಲ್ಲಿ ಕೋಡಂಗಿತನ ಜಾಸ್ತಿ ಇತ್ತು. ನಿರ್ದೇಶಕ ರಿಚರ್ಡ್ ಡಾನರ್ ಹಟ ಹಿಡಿದು ಅದನ್ನು ತಿದ್ದಿ ಬರೆಸಿದರು. ಯಾರನ್ನೂ ನಂಬದ ಜನರ ಮುಂದೆ ನಂಬಬಹುದಾದ ಒಬ್ಬನನ್ನು ನಿಲ್ಲಿಸುವುದಕ್ಕೆ ಧೈರ್ಯ ಬೇಕಿತ್ತು.

ಹಾಗಂತ ಕಾಲದ ಹೆಸರಲ್ಲಿ ಎಲ್ಲವನ್ನೂ ಮಾಫಿ ಮಾಡಲಾರೆ. ರಸ್ತೆಯಲ್ಲಿ ಪ್ರಜ್ಞೆ ತಪ್ಪಿದಂತೆ ಬಿದ್ದಿರುವ ಹೆಂಗಸಿನ ಮೈ ನೋಡಿ ಸೈನಿಕರು ಜೊಲ್ಲು ಸುರಿಸುವ ದೃಶ್ಯವಿದೆ. ಅದನ್ನು ಅಲ್ಲಿ ಯಾಕೆ ಇಟ್ಟರು ಅಂತ ಗೊತ್ತಾಗುತ್ತದೆ. ನಗು ಮಾತ್ರ ಬರಲಿಲ್ಲ. ಸತ್ತ ಲೋಯಿಸ್‌ಳನ್ನು ಉಳಿಸಲು ಭೂಮಿಯನ್ನೇ ಹಿಂದಕ್ಕೆ ತಿರುಗಿಸಿ ಕಾಲವನ್ನು ಹಿಂದೆ ಸರಿಸುವ ಕೊನೆಯಂತೂ ಯಾವ ಕಾಲಕ್ಕೂ ಸೋಮಾರಿ ಕಥೆಯೇ.

ಹಾರುವ ದೃಶ್ಯಗಳಲ್ಲಿ ಹುಡುಗ ತಪ್ಪು ಹುಡುಕುತ್ತಲೇ ಇದ್ದ. ಆಮೇಲೆ ಲೋಯಿಸ್ ಮನೆಯಲ್ಲಿ ಕ್ಲಾರ್ಕ್ ಕನ್ನಡಕ ತೆಗೆದ. ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು. ನಿಜ ಹೇಳಿಬಿಡಲು ಬಾಯಿ ತೆರೆದವನು ಮನಸ್ಸು ಬದಲಿಸಿ ಮತ್ತೆ ಕುಗ್ಗಿ ನಿಂತ. ಬರೀ ಮೈ, ಬರೀ ದನಿ. "ಚಿಕ್ಕಪ್ಪ, ಇನ್ನೊಂದ್ಸಲ ಹಾಕಿ" ಅಂದ.