ಊಟಿಗೆ ಹೋಗಿ ರೈಲು ನೋಡಿ ಬಂದವರಿಗೆ

ನಿನ್ನೆ ಹಾಸನದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಆಗ ತಾನೇ ಊಟಿಯಿಂದ ಬಂದಿದ್ದ. ಪುಟಾಣಿ ರೈಲಿನ ನಲವತ್ತು ಫೋಟೊ ತೋರಿಸಿ, ಕೊನೆಗೆ ಕೇಳಿದ: "ಮಾವ, ನಮ್ಮ ಕಡೆ ಇಂಥದ್ದು ಯಾಕಿಲ್ಲ?"

ಕಾಫಿ ಲೋಟ ಕೆಳಗಿಟ್ಟೆ. ರೈಲಿನ ಮಾತಿಗೆ ನಾನು ಲೋಟ ಕೆಳಗಿಟ್ಟರೆ ಏನರ್ಥ ಅಂತ ನಿಮಗೆಲ್ಲ ಗೊತ್ತಲ್ವಾ.

ಇತ್ತು ಮಾರಾಯ! 1979ರಲ್ಲೇ ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ರೈಲು, ಅಂದರೆ ಒಂದು ಮೀಟರ್ ಅಗಲದ ಹಳಿಯ ರೈಲು, ಬಂತು. ಊಟಿಯದೂ ಅದೇ ಗೇಜು. ಅಲ್ಲಿ ಸುರಂಗ 16. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ, ಬರೀ 55 ಕಿ.ಮೀ.ಗೆ, 57! ಸೇತುವೆ 109. ದೋಣಿಗಾಲ್, ಎಡಕುಮರಿ, ಶಿರಿಬಾಗಿಲು... ಆ ಸ್ಟೇಷನ್‌ಗಳ ಹೆಸರು ಹೇಳಿದರೇ ಬಾಯಿಗೆ ಮಳೆ ನೀರಿನ ರುಚಿ ಬರುತ್ತದೆ. ಅಗಲದ ಹಳಿ, ಅಂದರೆ ಬ್ರಾಡ್ ಗೇಜ್, ಹಾಕೋಕೆ ಅಂತ 1996ರಲ್ಲಿ ನಿಲ್ಲಿಸಿದರು. ಹದಿನೇಳೇ ವರ್ಷ. ನಮ್ಮಮ್ಮನ ಗ್ರೈಂಡರ್ ಅದಕ್ಕಿಂತ ಜಾಸ್ತಿ ಬಾಳಿದೆ.

"ಬ್ರಾಡ್ ಗೇಜ್ ಬೇಡವಿತ್ತಾ? ಬಂದರಿಗೆ ಅದಿರು ಹೋಗೋದು ಹೇಗೆ?" ಅಂದರು ಭಾವ. ಬೇಕಿತ್ತು, ಸರಿ. ಇದ್ದ ಸುರಂಗದಲ್ಲಿ ಎರಡೂ ಗೇಜಿನ ಹಳಿ ಹಾಕೋಕೂ ಆಗಲ್ಲ, ಅದೂ ಸರಿ. ಆದರೆ ಹೋದದ್ದು ಏನು ಅಂತ ಒಬ್ಬರಾದರೂ ಕೇಳಿದರಾ? ಊಟಿ ರೈಲು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಆ ವರ್ಷ ನಮ್ಮ ಘಾಟಿಯಲ್ಲಿ ಪ್ರಯಾಣಿಕರ ರೈಲೇ ಇರಲಿಲ್ಲ. ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ಈ ಹುಡುಗನಿಗೆ ಇತ್ತು ಅನ್ನೋದೇ ಗೊತ್ತಿಲ್ಲ.

"ಈಗ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆಯಲ್ಲ ಮಾವ." ಇದೆಯಪ್ಪ. ಎಸಿಯಲ್ಲಿ ಕೂತು ಗಾಜಿನಾಚೆ ಮಳೆ ನೋಡಬಹುದು. ಆಗ ಬಂಡೆಯಿಂದ ಇಳಿದ ನೀರು ಕಿಟಕಿಯಲ್ಲಿ ನೇರ ಮುಖಕ್ಕೆ ರಾಚುತ್ತಿತ್ತು. ಬೈದುಕೊಂಡು ಶಟರ್ ಎಳೆಯುತ್ತಿದ್ದೆವು, ಆ ಮಾತು ಬೇರೆ.

ಹುಡುಗ ಸುಮ್ನಿರಬಾರದಾ? "ನೀವು ಎಷ್ಟು ಸಲ ಹೋಗಿದ್ರಿ ಅದರಲ್ಲಿ?"

ಎರಡು ಸಲ.

ಮಂಗಳೂರಲ್ಲಿ ಮೂರು ವರ್ಷ ಓದಿದೆ. ಪ್ರತಿ ರಜೆಗೂ ಶಿರಾಡಿ ಬಸ್ಸು ಹತ್ತುತ್ತಿದ್ದೆ, ಮನೆಗೆ ಬೇಗ ಬರಬಹುದು ಅಂತ. ರೈಲು ನಿಂತ ಮೇಲೆ ಅದೇ ಹಳಿ ಮೇಲೆ ಗೆಳೆಯರ ಜೊತೆ ಚಾರಣ ಹೋಗಿ, ಸುರಂಗದಲ್ಲಿ ಕೂಗಾಡಿ, ಗೋಡೆ ಮೇಲೆ ಇದ್ದಿಲಲ್ಲಿ ಹೆಸರು ಗೀಚಿ ಬಂದವನೂ ನಾನೇ. ಎಷ್ಟನೇ ಸುರಂಗ ಅಂತ ಮರೆತಿದೆ.

ಅಕ್ಕ ಲೋಟ ಎತ್ತಿಕೊಂಡು ಹೋದಳು. ಕಾಫಿ ತಣ್ಣಗಾಗಿತ್ತು.