ಐದು ಜನ, ಐದು ಗ್ರೀಸ್

ಗ್ರೀಸ್ ದೇಶದಲ್ಲಿ ಚಿಕ್ಕದು ದೊಡ್ಡದು ಎಲ್ಲ ಸೇರಿ ಸುಮಾರು 6,000 ದ್ವೀಪಗಳಿವೆಯಂತೆ. ಜನ ಇರೋದು 227ರಲ್ಲಿ ಮಾತ್ರ. ಮನೆಮಂದಿಯೆಲ್ಲ ಗ್ರೀಸ್ ಪ್ರವಾಸ ಹೋಗೋಣ ಅಂತ ಹೊರಟು ಇದನ್ನು ಓದಿದ ದಿನ ನಮ್ಮ ಯಜಮಾನರು, "ಅದರಲ್ಲಿ ಒಂದೆರಡು ಆರಿಸಿಕೊಂಡರೆ ಮುಗೀತು" ಎಂದರು. ಆರಿಸೋಕೆ ಮನೆಯಲ್ಲಿ ಐದು ಜನ ಇದ್ದೀವಿ ಅನ್ನೋದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಮಗಳಿಗೆ ಸ್ಯಾಂಟೊರಿನಿಯೇ ಆಗಬೇಕು. ಬಿಳಿ ಗೋಡೆ, ನೀಲಿ ಗುಮ್ಮಟ, ಅದರ ಮುಂದೆ ತಾನು. ಅತ್ತೆಯವರು ಅದೇ ದ್ವೀಪವನ್ನು ಟಿವಿಯಲ್ಲಿ ನೋಡಿದ್ದು ಬೇರೆ ರೀತಿ. 2025ರ ಫೆಬ್ರುವರಿಯಲ್ಲಿ ಅಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ದ್ವೀಪ ಬಿಟ್ಟಿದ್ದರು.

"ಜ್ವಾಲಾಮುಖಿಯ ಬಾಯಂಚಿನಲ್ಲಿ ಮನೆ ಕಟ್ಟಿದೋರ ಹತ್ರ ನಾವ್ಯಾಕೆ ಹೋಗಬೇಕು?"

"ಅದು ದೊಡ್ಡದಾಗಿ ಸಿಡಿದು 3,600 ವರ್ಷ ಆಯ್ತು ಅಜ್ಜಿ."

"ಹಾಗಾದ್ರೆ ಇನ್ನೊಂದ್ಸಲ ಸಿಡಿಯೋ ಹೊತ್ತು ಬಂತು ಅನ್ನು."

ಯಜಮಾನರ ಆಸೆ ಒಂದೇ. ಸ್ಯಾಂಟೊರಿನಿಯ ಹಳೇ ಬಂದರಿನಿಂದ ಮೇಲಿನ ಫಿರಾ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಅದನ್ನು ಕತ್ತೆ ಮೇಲೆ ಕೂತು ಹತ್ತಬೇಕು. ಕೇಬಲ್ ಕಾರ್ ಇದೆಯಲ್ಲ ಅಂದರೆ, ಅದು ಎಲ್ಲಾ ಕಡೆ ಇರುತ್ತೆ ಅಂದರು. ಆದರೆ 2018ರಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ತಂದಿದೆ: ಕತ್ತೆಯ ಮೇಲೆ 100 ಕಿಲೋಗಿಂತ, ಅಥವಾ ಅದರ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ಹೇರುವಂತಿಲ್ಲ. "ನಾನು ಬರೀ 88" ಎಂದು ಯಜಮಾನರು ಎದೆ ಉಬ್ಬಿಸಿದರು. ಮಗಳು ಮೊಬೈಲ್ ತೆಗೆದು ಗುಣಿಸಿದಳು. "ಅಪ್ಪಾ, ನಿನಗೆ 440 ಕಿಲೋ ಕತ್ತೆ ಬೇಕು. ಅಷ್ಟು ತೂಗೋದು ಎಮ್ಮೆ."

ಇನ್ನು ಚಿಕ್ಕಮಾವ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ಸಮುದ್ರವೂ ಬೇಡ, ದ್ವೀಪವೂ ಬೇಡ. ಅಲೆಕ್ಸಾಂಡರ್ ಹುಟ್ಟಿದ ಪೆಲ್ಲಾ ಬೇಕು. "ಕ್ರಿ.ಪೂ. 326ರಲ್ಲಿ ಅಷ್ಟು ದೂರದಿಂದ ನಮ್ಮ ಕಡೆ ಬಂದು ಹೋಗಿದ್ದಾನೆ. ಬಂದವರ ಮನೆಗೆ ನಾವೂ ಒಂದ್ಸಲ ಹೋಗೋದು ಮರ್ಯಾದೆ ಅಲ್ವೇನಮ್ಮಾ?" ಅಥೆನ್ಸಿನಿಂದ ಪೆಲ್ಲಾ ಐನೂರು ಕಿಲೋಮೀಟರ್ ಆಸುಪಾಸು, ಅದೂ ಸ್ಯಾಂಟೊರಿನಿಗೆ ತದ್ವಿರುದ್ಧ ದಿಕ್ಕಿಗೆ. ಮರ್ಯಾದೆಯ ವಿಷಯ ಬಂದಾಗ ದೂರ ನೋಡೋಕಾಗುತ್ತಾ.

ನನಗೆ ಯಾವ ಗ್ರೀಸ್ ಬೇಕು ಅಂತ ಯಾರೂ ಕೇಳಲಿಲ್ಲ. ಬೆಳಿಗ್ಗೆ ಯಾರೋ ಮಾಡಿಕೊಟ್ಟ ಕಾಫಿ ಸಿಗುವ ಯಾವ ಗ್ರೀಸ್ ಆದರೂ ನನಗೆ ನಡೆಯುತ್ತಿತ್ತು.

ತಾರೀಖಿನ ಗಲಾಟೆ ಬೇರೆ. ಆಗಸ್ಟ್ 15ರ ರಜೆಗೆ ಸೇರಿಸಿ ಹೋಗೋಣ ಅಂದರು ಯಜಮಾನರು. ಅವತ್ತೇ ಗ್ರೀಸಿನಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಅಥೆನ್ಸಿನ ಜನವೆಲ್ಲ ದ್ವೀಪಗಳಿಗೆ ಹೊರಡುತ್ತಾರೆ, ಹಡಗಿನ ಟಿಕೆಟ್ ಸಿಗೋದು ದುರ್ಲಭ. ಸಾಲದ್ದಕ್ಕೆ ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ಬೀಸುತ್ತೆ. ಅದು ಜೋರಾದರೆ ಬಂದರಿನಿಂದ ಹಡಗೇ ಬಿಡೋಲ್ಲ. ಸೆಪ್ಟೆಂಬರ್ ಅಂದರೆ ಅತ್ತೆಯವರು ಕ್ಯಾಲೆಂಡರ್ ತಂದರು. ಗೌರಿ-ಗಣೇಶ, ಆಮೇಲೆ ಪಿತೃಪಕ್ಷ, ಅದಾದ ಮೇಲೆ ದಸರಾ ಗೊಂಬೆ ಕೂರಿಸಬೇಕು. ಅಲ್ಲಿ ಗಾಳಿ, ಇಲ್ಲಿ ಹಬ್ಬ. ಕೊನೆಗೆ ಮುಂದಿನ ಮೇ ತಿಂಗಳಿಗೆ ನಿಂತಿತು.

ಊಟದ ವಿಷಯದಲ್ಲಿ ಮಾತ್ರ ಗ್ರೀಸ್ ಅತ್ತೆಯವರ ಮನಸ್ಸು ಗೆಲ್ಲುವ ಹಾಗಿತ್ತು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮೊದಲು ವಾರಗಟ್ಟಲೆ ಉಪವಾಸ ಮಾಡುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಸಂಪ್ರದಾಯದವರು ಬುಧವಾರ, ಶುಕ್ರವಾರವೂ ಹಾಗೇ ಇರುತ್ತಾರೆ. ಟೊಮೆಟೊ, ದಪ್ಪ ಮೆಣಸಿನಕಾಯಿ ಒಳಗೆ ಅಕ್ಕಿ ತುಂಬಿ ಬೇಯಿಸುತ್ತಾರೆ ಅಂತ ಓದಿ ಹೇಳಿದೆ. "ಎಷ್ಟು ಮಡಿವಂತರು ನೋಡು" ಎಂದು ಅತ್ತೆಯವರು ಕರಗಿಹೋದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಗಳು ಮುಂದಿನ ಸಾಲನ್ನೂ ಓದಿದಳು: "ರಕ್ತ ಇಲ್ಲದ ಪ್ರಾಣಿ ಅಂತ ಉಪವಾಸಕ್ಕೆ ಆಕ್ಟೋಪಸ್, ಸೀಗಡಿ ನಡೆಯುತ್ತೆ ಅಜ್ಜಿ." ಅತ್ತೆಯವರು ಮಾತಾಡದೆ ಅಡುಗೆಮನೆಗೆ ಹೋಗಿ ಸಾಮಾನಿನ ಪಟ್ಟಿಗೆ ಗಟ್ಟಿ ಅವಲಕ್ಕಿ, ಚಟ್ನಿಪುಡಿ ಸೇರಿಸಿದರು.

ವೀಸಾ ಅರ್ಜಿಗೆ ಪ್ರತಿ ದಿನ ಎಲ್ಲಿರುತ್ತೀರಿ ಅಂತ ಬರೆದುಕೊಡಬೇಕು. ಐದು ಗ್ರೀಸನ್ನು ಒಂದು ಹಾಳೆಗೆ ಇಳಿಸಿದ ಸಾಹಸ ಬಿಡಿ. ನಿಜವಾದ ಸಂಸಾರ ಹೊರಗೆ ಬಿದ್ದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ಬ್ಯಾಂಕಿನವರು ಪುಟಪುಟಕ್ಕೂ ಸೀಲು ಒತ್ತಿ ಒಂದು ದಪ್ಪ ಕಟ್ಟನ್ನೇ ಕೊಟ್ಟರು. ಇಷ್ಟೊಂದು ಯಾಕೆ ಅಂತ ತೆಗೆದು ನೋಡಿದೆ. ಎಲ್ಲ ಯುಪಿಐ. ಡಾಕ್ಟರು ಎಣ್ಣೆ ಪದಾರ್ಥ ಮುಟ್ಟಬೇಡಿ ಅಂದ ಮಾರನೇ ದಿನದಿಂದಲೇ ಸಾಲಾಗಿ: ಬೋಂಡಾ ಅಂಗಡಿ 40, ಬೋಂಡಾ ಅಂಗಡಿ 40, ಕಾಂಡಿಮೆಂಟ್ಸ್ 25, ಮತ್ತೆ ಬೋಂಡಾ. ಒಂದು ಗುರುವಾರ 80.

"ರೀ, ಇದೇನಿದು 80?"

"ಅವತ್ತು ಆಫೀಸಲ್ಲಿ ಒಬ್ಬರು ಜೊತೆಗಿದ್ದರು."

ಗ್ರೀಸ್ ದೇಶದ ಅಧಿಕಾರಿಯೊಬ್ಬರು ಕೂತು ಇದನ್ನು ಓದುತ್ತಾರೆ ಅಂತ ನೆನೆಸಿಕೊಂಡೇ ನನಗೆ ನಾಚಿಕೆ. ಯಜಮಾನರಿಗೆ ಅದರ ಚಿಂತೆ ಇರಲಿಲ್ಲ. ಕಟ್ಟನ್ನು ಅತ್ತೆಯವರ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಫೋಟೊದ್ದು ಇನ್ನೊಂದು ಕಥೆ. ಬಿಳಿ ಹಿನ್ನೆಲೆ, 35 ಮಿಲಿಮೀಟರ್ ಅಗಲ, 45 ಎತ್ತರ, ಮುಖ ಇದ್ದದ್ದು ಇದ್ದ ಹಾಗೇ ಇರಬೇಕು. ನಮ್ಮ ಬೀದಿಯ ಸ್ಟುಡಿಯೋ ಹುಡುಗ ಇದ್ದದ್ದನ್ನು ಇದ್ದ ಹಾಗೆ ಬಿಡುವವನಲ್ಲ. ಚಿಕ್ಕಮಾವ ಅರ್ಧ ತೋಳಿನ ಅಂಗಿಯಲ್ಲಿ ಕೂತಿದ್ದರು. ಪ್ರಿಂಟಿನಲ್ಲಿ ಕಪ್ಪು ಕೋಟು, ಕೆಂಪು ಟೈ ಬಂದಿತ್ತು. ಮೂಗಿನ ಪಕ್ಕದ ನರಹುಲಿ ಮಾಯ. ಬಣ್ಣವೂ ನಾಲ್ಕು ಸುತ್ತು ಬೆಳ್ಳಗೆ. "ಫಾರಿನ್‌ಗೆ ಅಲ್ವಾ ಸಾರ್, ಅದಕ್ಕೇ ಸ್ವಲ್ಪ ನೀಟ್ ಮಾಡ್ದೆ" ಎಂದ. ಚಿಕ್ಕಮಾವನಿಗೆ ಆ ಫೋಟೊ ಎಷ್ಟು ಹಿಡಿಸಿತೆಂದರೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಹೇಳಿ ಬಂದರು. ವೀಸಾ ಕೇಂದ್ರದವರಿಗೆ ಹಿಡಿಸಲಿಲ್ಲ. ಅಲ್ಲೇ ಮೂಲೆಯಲ್ಲಿ ದುಡ್ಡು ಕೊಟ್ಟು, ನರಹುಲಿ ಸಮೇತ ಹೊಸದು ತೆಗೆಸಬೇಕಾಯಿತು.

ಬೆರಳಚ್ಚು ಕೊಟ್ಟು, ಕಾಗದ ಎಲ್ಲ ಸರಿಯಾಗಿದೆ ಅನ್ನುವಷ್ಟರಲ್ಲಿ ಕೌಂಟರಿನ ಹುಡುಗಿ ಚಿಕ್ಕಮಾವನ ಅರ್ಜಿ ನೋಡುತ್ತಾ ಕೇಳಿದಳು. "ಅಲ್ಲಿ ಯಾರನ್ನಾದರೂ ಭೇಟಿ ಮಾಡ್ತಿದ್ದೀರಾ ಸರ್?"

ನಾನು ಕಣ್ಸನ್ನೆ ಮಾಡುವುದರೊಳಗೆ ಮೇಷ್ಟ್ರು ಶುರು ಮಾಡಿಯಾಗಿತ್ತು. "ಅಲೆಕ್ಸಾಂಡರ್ ಅಂತ. ಪೆಲ್ಲಾದವರು. ಹಿಂದೆ ನಮ್ಮ ಕಡೆ ಬಂದಿದ್ದರು."

ಹುಡುಗಿ ತಲೆ ಎತ್ತಲಿಲ್ಲ. "ಹಾಗಾದ್ರೆ ಅವರಿಂದ ಒಂದು ಇನ್ವಿಟೇಶನ್ ಲೆಟರ್ ಬೇಕಾಗುತ್ತೆ ಸರ್."