ಮಡಕೆಯೊಳಗಿನ ಓಲೆ: ಉತ್ತರಮೇರೂರು ನಮ್ಮ ಪಂಚಾಯ್ತಿಗೆ ಮಾದರಿಯಾಗಬೇಕಾ?

ಪರ: ಲೆಕ್ಕ ಕೊಡದವನಿಗೆ ಜಾಗವಿಲ್ಲ

2020ರ ಗ್ರಾಮ ಪಂಚಾಯ್ತಿ ಚುನಾವಣೆ ಹೊತ್ತಿಗೆ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಓದಿದ್ದೀರಲ್ವಾ? ಜಾಸ್ತಿ ಕೂಗಿದವನಿಗೆ ಸೀಟು. ಇದಕ್ಕೆ ಮದ್ದು ಹುಡುಕುವವರು ಕಾಂಚೀಪುರದ ಹತ್ತಿರದ ಉತ್ತರಮೇರೂರಿಗೆ ಹೋಗಿ, ವೈಕುಂಠ ಪೆರುಮಾಳ್ ಗುಡಿಯ ಗೋಡೆ ನೋಡಬೇಕು. ಚೋಳರ ಒಂದನೇ ಪರಾಂತಕನ ಕಾಲದಲ್ಲಿ, ಸುಮಾರು 919 ಮತ್ತು 921ರಲ್ಲಿ, ಊರಿನ ಸಮಿತಿಗಳಿಗೆ ಜನರನ್ನು ಹೇಗೆ ಆರಿಸಬೇಕು ಅಂತ ಅಲ್ಲಿ ಕೆತ್ತಿಸಿದ್ದಾರೆ.

ಊರಿಗೆ 30 ಕೇರಿ. ಒಂದೊಂದು ಕೇರಿಯಿಂದಲೂ ಅರ್ಹರ ಹೆಸರುಗಳನ್ನು ಓಲೆಗರಿಯಲ್ಲಿ ಬರೆದು ಕಟ್ಟು ಕಟ್ಟಿ, ಮಡಕೆಗೆ ಹಾಕುತ್ತಾರೆ. ಸಣ್ಣವರು ದೊಡ್ಡವರು ಅನ್ನದೆ ಸಭೆ ಪೂರ್ತಿ ಕೂತಿರಬೇಕು, ಗುಡಿಯ ಅರ್ಚಕರೆಲ್ಲ ಇರಬೇಕು. ಅವರಲ್ಲಿ ಹಿರಿಯರೊಬ್ಬರು ಮಡಕೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾರೆ. ಒಳಗೇನಿದೆ ಅಂತ ಗೊತ್ತಿಲ್ಲದ ಹುಡುಗನೊಬ್ಬ ಒಂದು ಕಟ್ಟು ತೆಗೆಯುತ್ತಾನೆ, ಅದನ್ನು ಬಿಚ್ಚಿ ಇನ್ನೊಂದು ಮಡಕೆಯಲ್ಲಿ ಕಲಸಿದ ಮೇಲೆ ಅದರಿಂದ ಒಂದು ಓಲೆ. ಮಧ್ಯಸ್ಥ ಅದನ್ನು ಐದೂ ಬೆರಳು ಬಿಡಿಸಿದ ಅಂಗೈಯಲ್ಲಿ ತಗೊಂಡು ಗಟ್ಟಿಯಾಗಿ ಓದಬೇಕು, ಆಮೇಲೆ ಅರ್ಚಕರೂ ಓದಬೇಕು. ಕೈಚಳಕಕ್ಕೆ ಜಾಗವೇ ಇಲ್ಲ! ಹೀಗೆ ಬಂದ 30 ಜನರಲ್ಲಿ 12 ಮಂದಿ ವಾರ್ಷಿಕ ಸಮಿತಿಗೆ, 12 ಮಂದಿ ತೋಟದ ಸಮಿತಿಗೆ, ಉಳಿದ 6 ಮಂದಿ ಕೆರೆ ಸಮಿತಿಗೆ. ಅವಧಿ 360 ದಿನ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಲೆಕ್ಕದ ನಿಯಮ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಮಡಕೆಗೆ ಬೀಳುವಂತಿಲ್ಲ. ಅವನ ಅಪ್ಪ, ಮಗ, ಅಳಿಯ, ಸೋದರಮಾವ, ಅಕ್ಕತಂಗಿಯರ ಗಂಡಂದಿರು, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಯಾರದ್ದೂ ಇಲ್ಲ. ದುಡ್ಡು ನುಂಗಿ ಭಾವಮೈದುನನನ್ನು ನಿಲ್ಲಿಸೋ ಆಟ ಅಲ್ಲಿ ನಡೆಯೋದಿಲ್ಲ. ಕಳೆದ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವರೂ ಹೊರಗೇ. ಎಲ್ಲ ಬೇಡ, ಇವೆರಡನ್ನು ನಮ್ಮ ಪಂಚಾಯ್ತಿ ಕಾಯ್ದೆಗೆ ತಂದರೆ ಸಾಕು, ಎಷ್ಟು ಜನ ಉಳೀತಾರೆ ನೋಡೋಣ.

ವಿರೋಧ: ಮೊದಲು ಓಲೆಯಲ್ಲಿ ಯಾರ ಹೆಸರಿತ್ತು ಹೇಳಿ

ಮಡಕೆ, ಹುಡುಗ, ಐದು ಬೆರಳು, ಎಲ್ಲ ಚೆನ್ನಾಗಿದೆ. ಆದರೆ ಅರ್ಹರು ಅನ್ನೋ ಮಾತನ್ನು ಸುಮ್ನೆ ದಾಟಿಬಿಟ್ಟರೆ ಹೇಗೆ? ತೆರಿಗೆ ಕಟ್ಟುವ ಕಾಲು ವೇಲಿ ಜಮೀನು ಬೇಕು, ಅಂದರೆ ಸುಮಾರು ಒಂದೂವರೆ ಎಕರೆ. ಸ್ವಂತ ಜಾಗದಲ್ಲಿ ಮನೆ ಬೇಕು. ವಯಸ್ಸು 35ರಿಂದ 70ರೊಳಗೆ. ಇದರ ಜೊತೆಗೆ ವೇದ ಓದಿರಬೇಕು. ಒಂದು ವೇದವನ್ನು ಭಾಷ್ಯದ ಸಮೇತ ಕಲಿತಿದ್ದರೆ ಅರೆಕಾಲು ವೇಲಿ ಇದ್ದರೂ ಆಯಿತಂತೆ, ರಿಯಾಯಿತಿಯೂ ಓದಿದ ಬ್ರಾಹ್ಮಣನಿಗೇ.

ಉತ್ತರಮೇರೂರು ಬ್ರಹ್ಮದೇಯ, ಅಂದರೆ ಬ್ರಾಹ್ಮಣರಿಗೆ ದಾನ ಕೊಟ್ಟ ಊರು, ನಮ್ಮ ಅಗ್ರಹಾರಗಳಿದ್ದ ಹಾಗೆ, ಅಲ್ಲಿನ ಸಭೆ ಅಂದರೆ ನಮ್ಮ ಶಾಸನಗಳ ಮಹಾಜನರು ಇದ್ದ ಹಾಗೆ. ಒಕ್ಕಲು ಮಾಡುವವರ ಹಳ್ಳಿಗಳ ಸಭೆಗೆ ‘ಊರ್’ ಅಂತಿದ್ದರು, ವ್ಯಾಪಾರಿಗಳದ್ದು ‘ನಗರಂ’. ಒಂದು ಬಗೆಯ ಊರಿನ ಕಟ್ಟಳೆಯನ್ನು ಇಡೀ ಚೋಳನಾಡಿನ ಹಳ್ಳಿಗಳ ಆಳ್ವಿಕೆ ಅಂತ ಹಾಡಿ ಹೊಗಳೋದು ಜಾಸ್ತಿಯಾಯಿತು. ಚೋಳ ದೊರೆ ರಾಜರಾಜನ ತಂಜಾವೂರು ಶಾಸನಗಳಲ್ಲಿ ಪರೈಚ್ಚೇರಿಯ, ಅಂದರೆ ಪರೆಯರ ಕೇರಿಯ, ಹೆಸರು ಬೇರೆಯಾಗಿ ಬರುತ್ತದೆ. ಅಂಥ ಕೇರಿಯವನು ಗದ್ದೆ ಉತ್ತರೂ ಕೆರೆಯ ಹೂಳು ಎತ್ತಿದರೂ, ವೇದದ ಷರತ್ತು ದಾಟಿ ಕೆರೆ ಸಮಿತಿಗೆ ಬರೋದೆಲ್ಲಿಂದ? ಹೆಂಗಸರ ಮಾತಂತೂ ಬಿಡಿ. ನಮ್ಮ ಪಂಚಾಯ್ತಿಗಳಲ್ಲಿ ಇವತ್ತು ಅರ್ಧ ಸ್ಥಾನ ಅವರಿಗೇ ಮೀಸಲು.

ಚೀಟಿ ಎತ್ತುವುದು ಮತ ಹಾಕಿದ ಹಾಗೂ ಅಲ್ಲ. ಇವನೇ ಬೇಕು, ಇವನು ಬೇಡ ಅನ್ನೋ ಅಧಿಕಾರ ಊರವರ ಕೈಯಲ್ಲಿರಲಿಲ್ಲ. ಎರಡು ಸಲವೂ ನಿಯಮ ಮಾಡುವಾಗ ಅರಸನ ಅಧಿಕಾರಿ ಎದುರಿಗೆ ಕೂತಿದ್ದ. 919ರಲ್ಲಿ ವಯಸ್ಸು 30ರಿಂದ 60 ಅಂತಿತ್ತು, ಎರಡೇ ವರ್ಷಕ್ಕೆ ಅದನ್ನೂ ತಿದ್ದಿದರು. ಮೊದಲ ನಿಯಮ ಅಷ್ಟು ಚೆನ್ನಾಗಿ ನಡೆದಿದ್ದರೆ ತಿದ್ದುವ ಗರಜು ಏನಿತ್ತು?

ಮೂರು ವರ್ಷದ ನಿಯಮ ಬೇಕಾದರೆ ತನ್ನಿ, ನನ್ನ ತಕರಾರಿಲ್ಲ. ಲೆಕ್ಕ ಕೊಡದವನನ್ನೂ ಹೊರಗಿಡಿ. ಆದರೆ ಸೋದರಮಾವ ಮಾಡಿದ ಕಳ್ಳಲೆಕ್ಕಕ್ಕೆ ಏನೂ ಅರಿಯದ ಸೋದರಸೊಸೆಯ ನಾಮಪತ್ರ ತಿರಸ್ಕರಿಸೋ ಕಾಯ್ದೆ ಇವತ್ತು ಯಾವ ಕೋರ್ಟಿನಲ್ಲಿ ನಿಲ್ಲುತ್ತದೆ?